ಜಿಪ್ಸಿಯ ಸ್ಟೀರಿಂಗ್ ನಡುಕಕ್ಕೆ ಬ್ಯಾಲೆನ್ಸಿಂಗೋ, ಡ್ಯಾಂಪರೋ, ಕಿಂಗ್‌ಪಿನ್ ಬೇರಿಂಗೋ?

ಮಾರುತಿ ಜಿಪ್ಸಿಯ ಸ್ಟೀರಿಂಗ್ ನಡುಗುತ್ತಿದೆ ಎಂದು ಚಿಕ್ಕಮಗಳೂರಿನಲ್ಲಿ ಯಾರನ್ನು ಕೇಳಿದರೂ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ: ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿ, ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ, ಇಲ್ಲವೇ ಮುಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ ಅಚ್ಚಿನ ಕವಚ) ಕಿಂಗ್‌ಪಿನ್ ಬೇರಿಂಗ್, ಅಂದರೆ ಚಕ್ರ ಎಡ-ಬಲಕ್ಕೆ ತಿರುಗಲು ಆಧಾರವಾದ ಬೇರಿಂಗ್, ಬದಲಿಸಿ. ಮೂರನ್ನೂ ಒಂದೇ ಗಾಡಿಯಲ್ಲಿ ಮಾಡಿಸಿ ನೋಡಿದ ಮೇಲೆ ನಾನು ಕಿಂಗ್‌ಪಿನ್ ಬೇರಿಂಗಿನ ಪರ. ಡ್ಯಾಂಪರಿಗೆ ಸುರಿದ ಹಣದಿಂದ ನನ್ನ ಗಾಡಿಗೆ ಯಾವ ಉಪಯೋಗವೂ ಆಗಲಿಲ್ಲ. ಹಾಗೇಕೆ ಆಯಿತೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನದು 205/70 ಅಳತೆಯ 15 ಇಂಚಿನ ಟೈರುಗಳಿರುವ ಜಿಪ್ಸಿ ಕಿಂಗ್. ಅದು ಆಲ್ದೂರಿನ ಕಡೆಯ ತೋಟದ ದಾರಿಯಲ್ಲಿ ಗೊಬ್ಬರದ ಚೀಲ, ಡೀಸೆಲ್ ಕ್ಯಾನು, ಕೆಲಸದವರು ಎಲ್ಲವನ್ನೂ ಹೊತ್ತು ಓಡಾಡುತ್ತದೆ. ನಡುನಡುವೆ ಬೇಲೂರಿನ ಮೇಲೆ ಹಾಸನಕ್ಕೂ ಹೋಗುತ್ತದೆ. ತೋಟದೊಳಗಿನ ವೇಗದಲ್ಲಿ ಸುಳಿವೇ ಕೊಡದ ದೋಷ ಬೇಲೂರು ದಾಟಿ ರಸ್ತೆ ನೇರವಾದ ಕೂಡಲೇ ಕೈಗೆ ಗೊತ್ತಾಗುತ್ತಿತ್ತು.

ಹಣ ಬಿಚ್ಚುವ ಮೊದಲು ನಡುಕದ ಬಗೆಯನ್ನು ಗುರುತಿಸಬೇಕು. 75ರಿಂದ 85 ಕಿ.ಮೀ. ವೇಗದ ನಡುವೆ ಸಣ್ಣಗೆ, ಒಂದೇ ಸಮನೆ ಬಂದು, ವೇಗ ಬದಲಾದಾಗ ಹೋಗುವ ನಡುಕ ಸಾಮಾನ್ಯವಾಗಿ ಚಕ್ರದ್ದು. ಈ ಅಳತೆಯ ಟೈರಿನ ಸುತ್ತಳತೆ ಸುಮಾರು 2.1 ಮೀಟರ್ ಇರುವುದರಿಂದ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಸಲ ತಿರುಗುತ್ತದೆ, ಮತ್ತು ರಿಮ್ಮಿನ ಒಂದು ಬದಿಯಲ್ಲಿರುವ ಅಲ್ಪ ತೂಕವೂ ಅಷ್ಟೇ ಸಲ ಸ್ಟೀರಿಂಗನ್ನು ಅಲುಗಿಸುತ್ತದೆ. ಎರಡನೆಯ ಬಗೆ ಬೇರೆ. 50-60ರ ವೇಗದಲ್ಲಿ ಒಂದು ಗುಂಡಿಯನ್ನೋ ಸೇತುವೆಯ ಜೋಡಣೆಯನ್ನೋ ಹಾಯ್ದ ತಕ್ಷಣ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ರಭಸದಿಂದ ಹೊಡೆದುಕೊಳ್ಳಲು ತೊಡಗುತ್ತದೆ ಮತ್ತು ಗಾಡಿಯನ್ನು ಬಹಳ ನಿಧಾನ ಮಾಡುವವರೆಗೆ ನಿಲ್ಲುವುದಿಲ್ಲ. ನಮ್ಮ ಮೆಕ್ಯಾನಿಕ್‌ಗಳು ವಾಬ್ಲಿಂಗ್ ಎನ್ನುವುದು ಇದನ್ನೇ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮೊದಲು ಡಿಸ್ಕ್ ನೋಡಬೇಕು.

ನನ್ನ ಗಾಡಿಯಲ್ಲಿ ಮೊದಲಿನ ಎರಡು ಬಗೆಗಳೂ ಕೂಡಿಕೊಂಡಿದ್ದವು.

ರಿಮ್ಮಿಗೆ ಸೀಸದ ತೂಕ ಸೇರಿಸಿ ಚಕ್ರದ ಭಾರವನ್ನು ಸುತ್ತಲೂ ಸಮ ಮಾಡುವ ಬ್ಯಾಲೆನ್ಸಿಂಗ್ ಅಗ್ಗ, ಬೇಗ ಮುಗಿಯುತ್ತದೆ, ಆದ್ದರಿಂದ ಮೊದಲು ಅದನ್ನೇ ಮಾಡಿಸಬೇಕೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮಳೆಗಾಲದಲ್ಲಿ ತೋಟದ ಕೆಂಪು ಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿಕೊಂಡು ಒಣಗಿರುತ್ತದೆ. ಅದನ್ನು ಕೆರೆದು ತೊಳೆಯದೆ ಯಂತ್ರಕ್ಕೆ ಏರಿಸಿದರೆ ಸೀಸದ ತೂಕ ಮಣ್ಣಿನ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ, ಮುಂದೆ ಮಣ್ಣು ಉದುರಿದ ದಿನ ನಡುಕ ಮರಳುತ್ತದೆ. ತೊಳೆದು ಮಾಡಿಸಿದ ಮೇಲೆ 80ರ ಸಣ್ಣ ನಡುಕ ಪೂರ್ತಿ ಹೋಯಿತು, ವಾಬ್ಲಿಂಗ್ ಇದ್ದಂತೆಯೇ ಉಳಿಯಿತು. ಜೊತೆಗೇ ಮಾಡಿದ ಅಲೈನ್‌ಮೆಂಟಿನಿಂದಲೂ ಅದು ಕಡಿಮೆಯಾಗಲಿಲ್ಲ. ಇಡೀ ಹೌಸಿಂಗ್ ಇರುವ ಈ ಗಾಡಿಯಲ್ಲಿ ಯಂತ್ರದ ಮುಂದೆ ನಿಲ್ಲಿಸಿ ತಿದ್ದಬಹುದಾದದ್ದು ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಒಂದೇ.

ಇನ್ನು ಡ್ಯಾಂಪರ್. ಬಿಡಿಭಾಗದ ಅಂಗಡಿಯೊಂದರಲ್ಲಿ ವಾಬ್ಲಿಂಗ್ ಎಂದ ಕೂಡಲೇ, ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, ಕಂಪನಿಯದ್ದಕ್ಕಿಂತ ಗಟ್ಟಿಯಾದ ಡ್ಯಾಂಪರನ್ನು ತೆಗೆದು ಕೊಟ್ಟರು. ಹಾಕಿದ ದಿನ ಫಲಿತಾಂಶ ಅದ್ಭುತವಾಗಿತ್ತು ಎಂಬುದನ್ನು ಒಪ್ಪಲೇಬೇಕು. ಬೇಲೂರು-ಹಾಸನ ರಸ್ತೆಯಲ್ಲಿ ಎಂದಿನ ಸೇತುವೆಗಳ ಮೇಲೆ ಹಾಯಿಸಿದರೂ ಸ್ಟೀರಿಂಗ್ ಅಲುಗಲಿಲ್ಲ.

ಆದರೆ ಡ್ಯಾಂಪರ್ ಮಾಡುವ ಕೆಲಸವೇನೆಂದು ಯೋಚಿಸಿದರೆ ಈ ಶಾಂತಿಯ ಸ್ವರೂಪ ತಿಳಿಯುತ್ತದೆ. ಅದೊಂದು ಎಣ್ಣೆ ತುಂಬಿದ ಕೊಳವೆ; ಸ್ಟೀರಿಂಗಿನ ರಾಡ್ ರಭಸದಿಂದ ಚಲಿಸಿದಾಗ ತಡೆಯೊಡ್ಡುತ್ತದೆ, ಅಷ್ಟೇ. ಚಕ್ರಕ್ಕೂ ಹೌಸಿಂಗಿಗೂ ನಡುವೆ ಎಲ್ಲೋ ಇರುವ ಸಡಿಲವನ್ನು ಅದು ಬಿಗಿ ಮಾಡುವುದಿಲ್ಲ. ನೋವಿನ ಮಾತ್ರೆ ನುಂಗಿ ಹುಳುಕು ಹಲ್ಲನ್ನು ಹಾಗೆಯೇ ಬಿಟ್ಟಂತೆ, ಸಡಿಲ ಒಳಗೊಳಗೇ ಬೆಳೆಯುತ್ತಿತ್ತು, ಕೈಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಅದೇ ಮಳೆಗಾಲ ಮುಗಿಯುವುದರೊಳಗೆ ವಾಬ್ಲಿಂಗ್ ಮರಳಿತು, ಮೊದಲಿಗಿಂತ ಜೋರಾಗಿ. ಅಷ್ಟರಲ್ಲಿ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ರಾಡಿನ ತುದಿಯ ಕೀಲು, ಅಂದರೆ ಒಂದು ಟೈ ರಾಡ್ ಎಂಡ್ ಕೂಡ ಸವೆದಿತ್ತು.

ನನಗೆ ಹೆಚ್ಚು ಕಿರಿಕಿರಿಯಾದದ್ದು ಇನ್ನೊಂದು ಸಂಗತಿ. ಗಟ್ಟಿ ಡ್ಯಾಂಪರ್ ಇದ್ದಷ್ಟು ಕಾಲವೂ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ನಿಧಾನವಾಗಿತ್ತು. ಮುಳ್ಳಯ್ಯನಗಿರಿಯ ದಾರಿಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಮುಂದಿನದು ಎದುರಾಗುತ್ತದೆ. ಅಲ್ಲಿ ಪ್ರತಿ ಸಲವೂ ಸ್ಟೀರಿಂಗನ್ನು ಕೈಯಿಂದಲೇ ಎಳೆದು ತರಬೇಕಾಗುತ್ತಿತ್ತು. ಪವರ್ ಸ್ಟೀರಿಂಗ್ ಇಲ್ಲದ ನನ್ನ ಗಾಡಿಯಲ್ಲಿ ಇದು ಸಣ್ಣ ಶ್ರಮವಲ್ಲ. ಇದಕ್ಕಿಂತ ಬೇಸರದ ವಿಷಯವೆಂದರೆ, ಬಿಚ್ಚಿಟ್ಟಿದ್ದ ಹಳೆಯ ಡ್ಯಾಂಪರನ್ನು ಕೈಯಲ್ಲಿ ಹಿಡಿದು ಎಳೆದು ಒತ್ತಿ ನೋಡಿದಾಗ ಎರಡೂ ದಿಕ್ಕಿನಲ್ಲಿ ಒಂದೇ ಸಮನಾದ ತಡೆ ಇತ್ತು. ಎಲ್ಲಿಯೂ ಖಾಲಿ ಜಾರುತ್ತಿರಲಿಲ್ಲ, ಎಣ್ಣೆಯೂ ಜಿನುಗಿರಲಿಲ್ಲ. ಮಾರುವ ಮೊದಲು ಒಂದು ಬೋಲ್ಟ್ ಬಿಚ್ಚಿ ಈ ಪರೀಕ್ಷೆ ಮಾಡಬಹುದಿತ್ತು.

ಕೊನೆಗೆ ದೋಷ ಪತ್ತೆಯಾದದ್ದು ಪಟ್ಟಣದ ಹೊರಗಿನ ಒಂದು ಸಣ್ಣ ಗ್ಯಾರೇಜಿನಲ್ಲಿ, ಅದೂ ಕೇವಲ ಒಂದು ಜಾಕ್ ಮತ್ತು ಇಬ್ಬರು ಮನುಷ್ಯರಿಂದ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿದು ಅಲುಗಿಸಿದಾಗ ಸ್ಪಷ್ಟವಾಗಿ ಪ್ಲೇ, ಅಂದರೆ ಸಡಿಲ, ಕಂಡಿತು. ಆಗ ಮೆಕ್ಯಾನಿಕ್ ಸಹಾಯಕನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದರು. ಬ್ರೇಕ್ ಹಿಡಿದಾಗ ಪ್ಲೇ ಮಾಯವಾದರೆ ಅದು ಹಬ್ ಬೇರಿಂಗಿನದು (ಚಕ್ರ ಉರುಳುವ ಬೇರಿಂಗ್), ಹಿಡಿದರೂ ಉಳಿದರೆ ಕಿಂಗ್‌ಪಿನ್‌ನದು. ನನ್ನ ಗಾಡಿಯಲ್ಲಿ ಅದು ಹಾಗೆಯೇ ಉಳಿಯಿತು. ಇದೇ ರೀತಿ ಎಡ-ಬಲ ಹಿಡಿದು ಅಲುಗಿಸಿದರೆ ಟೈ ರಾಡ್ ಎಂಡುಗಳ ಸ್ಥಿತಿ ತಿಳಿಯುತ್ತದೆ.

ಬಿಚ್ಚಿದಾಗ ಕಂಡದ್ದನ್ನು ನಾನು ಬೆರಳಿಟ್ಟೇ ನೋಡಿದೆ. ಕೆಳಗಿನ ಬೇರಿಂಗಿನ ಬಟ್ಟಲಿನಲ್ಲಿ ರೋಲರುಗಳು ಒತ್ತಿ ಕೂತ ಜಾಗದಲ್ಲೆಲ್ಲ ಉಗುರಿಗೆ ಸಿಗುವಂಥ ಗೆರೆಗಳಾಗಿದ್ದವು, ಗ್ರೀಸ್ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನಕಲ್ಲಿನ (ಕಿಂಗ್‌ಪಿನ್ ಮೇಲೆ ತಿರುಗುವ, ಚಕ್ರವನ್ನು ಹೊತ್ತ ಭಾಗ) ಹಿಂಬದಿಯ ರಬ್ಬರ್ ಸೀಲ್ ಹರಿದು ನೀರು ಒಳಹೊಕ್ಕಿದ್ದೇ ಕಾರಣ; ಹಳ್ಳ ದಾಟುವ ಗಾಡಿಗೆ ಇದು ತಪ್ಪಿದ್ದಲ್ಲ. ಎರಡೂ ಬದಿಯ ಮೇಲಿನ ಮತ್ತು ಕೆಳಗಿನ ಬೇರಿಂಗುಗಳನ್ನು, ಬಟ್ಟಲುಗಳ ಸಮೇತ, ಸೀಲುಗಳನ್ನೂ ಸೇರಿಸಿ ಬದಲಿಸಲಾಯಿತು.

ಬೇರಿಂಗ್ ಹಾಕಿದರೆ ಮುಗಿಯಲಿಲ್ಲ, ಅದರ ಬಿಗಿಯನ್ನು ಹೊಂದಿಸಬೇಕು. ಕಿಂಗ್‌ಪಿನ್‌ನ ಕೆಳಗಿರುವ ಶಿಮ್ ಎಂಬ ತೆಳು ಲೋಹದ ತಗಡುಗಳನ್ನು ತೆಗೆದಷ್ಟೂ ಬಿಗಿ ಹೆಚ್ಚುತ್ತದೆ. ಟೈ ರಾಡ್ ಕಳಚಿಟ್ಟು, ನಕಲ್ಲಿನ ತೋಳಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ನಕಲ್ ಯಾವ ತೂಕಕ್ಕೆ ಕದಲಲು ಶುರುವಾಗುತ್ತದೆ ಎಂದು ನೋಡಿ, ಕೈಪಿಡಿಯ ಮಿತಿಯೊಳಗೆ ಬರುವವರೆಗೆ ಶಿಮ್ ಬದಲಿಸಬೇಕು. ಕೈ ಅಂದಾಜಿನಲ್ಲಿ ಬಿಗಿ ಮಾಡುವವರಿಗೆ ಈ ಕೆಲಸ ಕೊಡಬೇಡಿ. ಇಲ್ಲಿ ಬೇರಿಂಗಿನ ಬೆಲೆಗಿಂತ ಕೂಲಿಯೇ ಹೆಚ್ಚು, ಗಾಡಿಯೂ ಗ್ಯಾರೇಜಿನಲ್ಲಿ ನಿಲ್ಲಬೇಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ಅದು ಕಷ್ಟವೇ. ಆದರೂ ಈಗ ಹಳೆಯ ಡ್ಯಾಂಪರನ್ನೇ ಮತ್ತೆ ಹಾಕಿಕೊಂಡು ಅದೇ ಸೇತುವೆಗಳ ಮೇಲೆ ಹೋದರೆ ಜೋಡಣೆಯಲ್ಲಿ ಒಂದು ದಡಕ್ಕು ಕೇಳುತ್ತದೆ, ಸ್ಟೀರಿಂಗ್ ನೇರವಾಗಿಯೇ ಇರುತ್ತದೆ.

ಟೈರು ಬದಲಿಸಿ ಎನ್ನುವವರಿಗೆ ನನ್ನ ಉತ್ತರ: ಮೊದಲು ಮುಂದಿನವನ್ನು ಹಿಂದಕ್ಕೆ ಹಾಕಿ ನೋಡಿ, ಅದಕ್ಕೆ ಖರ್ಚಿಲ್ಲ. ಮುಂದಿನ ಶ್ಯಾಕಲ್ (ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಉದ್ದ ಮಾಡಿ ಗಾಡಿ ಎತ್ತರಿಸಿದವರು ಮಾತ್ರ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿದೆಯೇ ಎಂದೂ ನೋಡಿಸಬೇಕು. ಮಹೀಂದ್ರಾ ಥಾರ್‌ನ ಸಿಆರ್‌ಡಿಇ ಮಾದರಿಯ ಮುಂದಿನ ಚಕ್ರಗಳಿಗೆ ಇಡೀ ಹೌಸಿಂಗಿನ ಬದಲು ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ ಕಿಂಗ್‌ಪಿನ್‌ನ ಈ ಮಾತು ಅದಕ್ಕೆ ಅನ್ವಯಿಸುವುದಿಲ್ಲ, ಅಲ್ಲಿ ಬಾಲ್ ಜಾಯಿಂಟ್ ನೋಡಬೇಕು.

ಟಾರು ರಸ್ತೆಯಲ್ಲೇ ಓಡುವ, ವಾಬ್ಲಿಂಗ್ ಇಲ್ಲದ ಜಿಪ್ಸಿಗೆ ತೊಳೆದು ಮಾಡಿಸಿದ ಬ್ಯಾಲೆನ್ಸಿಂಗ್ ಸಾಕು. ನನ್ನ ಹಾಗೆ ಕೆಸರು, ಹಳ್ಳ, ಹೊರೆ ಮೂರನ್ನೂ ದಿನವೂ ಎದುರಿಸುವವರು ಡ್ಯಾಂಪರಿನ ಹಣವನ್ನು ಬೇರಿಂಗ್ ಮತ್ತು ಸೀಲಿಗೆ ಎತ್ತಿಡುವುದು ಲೇಸು. ಪ್ರತಿ ಮಳೆಗಾಲದ ನಂತರ ನಾನು ಚಕ್ರ ಎತ್ತಿಸಿ, ಬ್ರೇಕ್ ಹಿಡಿಸಿ ಪ್ಲೇ ನೋಡುತ್ತೇನೆ. ಸೀಲ್ ಹರಿದಿರುವುದು ಕಂಡರೆ ಬೇರಿಂಗ್ ಕೆಡುವ ತನಕ ಕಾಯದೆ ಅದನ್ನಷ್ಟೇ ಬದಲಿಸುತ್ತೇನೆ.