ಕರಾವಳಿಯ ಮನೆತನಕ್ಕೆ ಯಾವ ಡಿಎನ್‌ಎ ಪರೀಕ್ಷೆ? ಐದು ತಾಣಗಳ ಹೋಲಿಕೆ

ಮಂಗಳೂರು, ಉಡುಪಿ ಕಡೆಯವರು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮ್ಯಾಚ್ ಪಟ್ಟಿಯಲ್ಲಿ, ಅಂದರೆ ನಮ್ಮ ಡಿಎನ್‌ಎ ಜೊತೆ ಹೊಂದುವವರ ಪಟ್ಟಿಯಲ್ಲಿ, ಊರಿನವರ ಹೆಸರು ಬರುವುದೇ ಕಡಿಮೆ. ಬಂದ ಹೆಸರು ನಮ್ಮದೇ ಸಮುದಾಯದ್ದಾಗಿದ್ದರೆ ತಾಣವು ಅವರನ್ನು ಥರ್ಡ್ ಕಸಿನ್, ಅಂದರೆ ಮುತ್ತಜ್ಜನ ಅಪ್ಪ-ಅಮ್ಮನಲ್ಲಿ ಕೂಡುವ ನೆಂಟರು ಎಂದು ಹೇಳುತ್ತದೆ. ಎರಡೂ ಮನೆಯ ಹಿರಿಯರನ್ನು ಕೂರಿಸಿ ಕೇಳಿದರೆ ಅಂಥ ಕೊಂಡಿಯೇ ಸಿಗುವುದಿಲ್ಲ. ಇದಕ್ಕೆ ಕಾರಣ ಒಳಮದುವೆ. ಗೌಡ ಸಾರಸ್ವತರು, ಕೊಂಕಣಿ ಕ್ಯಾಥೊಲಿಕರು, ಶಿವಳ್ಳಿಯವರು, ಬಂಟರು, ಬಿಲ್ಲವರು, ಮೊಗವೀರರು, ಬ್ಯಾರಿಗಳು ಎಲ್ಲರೂ ತಲೆತಲಾಂತರದಿಂದ ತಮ್ಮ ತಮ್ಮೊಳಗೇ ಹೆಣ್ಣು ಕೊಟ್ಟು ತಂದವರು. ಒಬ್ಬರ ಜೊತೆ ಹತ್ತು ದಾರಿಯಲ್ಲಿ ದೂರದ ನೆಂಟಸ್ತಿಕೆ ಇರುತ್ತದೆ. ಆ ಹತ್ತೂ ಚೂರು ಸೇರಿ ಒಂದು ಹತ್ತಿರದ ನೆಂಟಸ್ತಿಕೆಯಂತೆ ಕಾಣುತ್ತದೆ.

ಹಾಗಾಗಿ ಒಂದೇ ಮನೆಯವರ ಡಿಎನ್‌ಎಯನ್ನು ಐದೂ ತಾಣಗಳಲ್ಲಿಟ್ಟು (ಆನ್ಸೆಸ್ಟ್ರಿ, ಮೈಹೆರಿಟೇಜ್, 23 ಆ್ಯಂಡ್ ಮಿ, ಫ್ಯಾಮಿಲಿ ಟ್ರೀ ಡಿಎನ್‌ಎ, ಜೆಡ್‌ಮ್ಯಾಚ್) ನೋಡುವಾಗ ನಾವು ಮೊದಲು ಕೇಳಿದ್ದು ‘ಯಾರಲ್ಲಿ ಹೆಚ್ಚು ಜನರಿದ್ದಾರೆ’ ಎಂದಲ್ಲ. ಇಬ್ಬರ ನಡುವೆ ಸಮಾನವಾಗಿರುವ ತುಣುಕು ಯಾವ ಕ್ರೋಮೊಸೋಮಿನಲ್ಲಿ, ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ತಾಣ ತೋರಿಸುತ್ತದೆಯೇ ಎಂಬುದೇ ಇಲ್ಲಿ ಮುಖ್ಯ.

ಮೊದಲು ಅಳತೆ

ತುಣುಕುಗಳನ್ನು ಅಳೆಯುವುದು ಸೆಂಟಿಮಾರ್ಗನ್ (ಸಿಎಂ) ಎಂಬ ಅಳತೆಯಲ್ಲಿ. ಡಿಎನ್‌ಎ ವಂಶಾವಳಿ ತಜ್ಞ ಬ್ಲೇನ್ ಬೆಟ್ಟಿಂಗರ್ ಕಲೆಹಾಕಿದ ‘ಶೇರ್ಡ್ ಸಿಎಂ ಪ್ರಾಜೆಕ್ಟ್’ನ 2020ರ ಆವೃತ್ತಿಯ ಪ್ರಕಾರ ಒಡಹುಟ್ಟಿದ ಇಬ್ಬರ ಮಕ್ಕಳ ನಡುವೆ ಸರಾಸರಿ 866 (396ರಿಂದ 1397), ಸೆಕೆಂಡ್ ಕಸಿನ್‌ಗಳ (ಮುತ್ತಜ್ಜ-ಮುತ್ತಜ್ಜಿಯಲ್ಲಿ ಕೂಡುವವರ) ನಡುವೆ 229 (41ರಿಂದ 592), ಥರ್ಡ್ ಕಸಿನ್‌ಗಳ ನಡುವೆ 73 (ಸೊನ್ನೆಯಿಂದ 234). ಡಿಎನ್‌ಎ ಪೇಂಟರ್ ತಾಣದಲ್ಲಿ ಅಂಕಿ ಹಾಕಿದರೆ ಯಾವ ಸಂಬಂಧ ಎಷ್ಟು ಸಂಭವ ಎಂಬುದು ಉಚಿತವಾಗಿಯೇ ಸಿಗುತ್ತದೆ.

ಈ ಕೋಷ್ಟಕ ನಮ್ಮಲ್ಲಿ ಯಾಕೆ ಕೈಕೊಡುತ್ತದೆ ನೋಡಿ. ಒಬ್ಬರು ಅಕ್ಕನ ಮಗಳನ್ನೇ ಮದುವೆಯಾಗಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಮಗುವಿಗೂ ಅವರ ತಮ್ಮನ ಮಗುವಿಗೂ ಅಪ್ಪನ ಕಡೆಯಿಂದ 866ರ ನೆಂಟಸ್ತಿಕೆ. ಅಮ್ಮನ ಕಡೆಯಿಂದ ಮತ್ತೊಂದು ನೆಂಟಸ್ತಿಕೆ, ಅದರ ಸರಾಸರಿ 433. ಎರಡೂ ಕೂಡಿ 1300ರ ಆಸುಪಾಸು. ತಾಣಕ್ಕೆ ಇದು ಗೊತ್ತಿಲ್ಲ. ಅದು ಮಲ-ಚಿಕ್ಕಪ್ಪ, ಅಜ್ಜಿಯ ತಂಗಿ ಎಂದೆಲ್ಲ ಊಹಿಸುತ್ತದೆ. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳ ಮದುವೆಯಾದರೆ ಹುಟ್ಟುವ ಮಗುವಿಗೆ ಎಂಟರ ಬದಲು ಆರೇ ಮಂದಿ ಮುತ್ತಜ್ಜ-ಮುತ್ತಜ್ಜಿಯರು. ಅಣ್ಣ-ತಮ್ಮ ಇಬ್ಬರೂ ಅಕ್ಕ-ತಂಗಿಯರನ್ನು ತಂದ ಮನೆಯಲ್ಲಿ ಮಕ್ಕಳ ನಡುವಿನ ಲೆಕ್ಕ ಇಮ್ಮಡಿ.

ಆದ್ದರಿಂದ ಒಟ್ಟು ಅಂಕಿಗಿಂತ ಅತಿ ಉದ್ದದ ತುಣುಕು ಎಷ್ಟಿದೆ ಎಂಬುದನ್ನು ಮೊದಲು ನೋಡಿ. ಒಟ್ಟು 100 ಸೆಂಟಿಮಾರ್ಗನ್ ಇದ್ದು ಅದು ಹತ್ತು-ಹನ್ನೆರಡು ಚೂರುಗಳಲ್ಲಿ ಹಂಚಿಹೋಗಿ, ಉದ್ದದ್ದೇ 12 ಇದ್ದರೆ ಅದು ಸಮುದಾಯದ ಹಳೆಯ ಹಿನ್ನೆಲೆ; ಅದರ ಹಿಂದೆ ಬಿದ್ದು ವರ್ಷ ಕಳೆಯಬೇಡಿ. ಒಟ್ಟು 60 ಮಾತ್ರ ಇದ್ದು, ಎರಡೇ ತುಣುಕಾಗಿ, ಒಂದು 40ರಷ್ಟು ಉದ್ದವಿದ್ದರೆ ಅದು ಇತ್ತೀಚಿನ ಕೊಂಡಿ. ಅಂಥವರಿಗೆ ಸಂದೇಶ ಕಳುಹಿಸಿ. 7–8 ಸೆಂಟಿಮಾರ್ಗನ್‌ನ ಚೂರುಗಳಲ್ಲಿ ಗಣನೀಯ ಪಾಲು ಬರೀ ಸುಳ್ಳು ಹೊಂದಾಣಿಕೆ. 15 ದಾಟಿದ್ದು ಬಹುಮಟ್ಟಿಗೆ ನಿಜವಾಗಿ ಒಬ್ಬ ಪೂರ್ವಜರಿಂದಲೇ ಬಂದದ್ದಾಗಿರುತ್ತದೆ, ಆದರೆ ಆ ಪೂರ್ವಜರು ಎಷ್ಟು ಹಿಂದಿನವರು ಎಂದು ಅದು ಹೇಳುವುದಿಲ್ಲ.

ಮಾದರಿ ಕೊಡುವಾಗ

ಆನ್ಸೆಸ್ಟ್ರಿ ಮತ್ತು 23 ಆ್ಯಂಡ್ ಮಿ ಕೇಳುವುದು ಎಂಜಲು. ಮೈಹೆರಿಟೇಜ್ ಮತ್ತು ಫ್ಯಾಮಿಲಿ ಟ್ರೀ ಡಿಎನ್‌ಎ ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಉಜ್ಜಿ ತೆಗೆಯುತ್ತವೆ. ಎಂಬತ್ತು ದಾಟಿದ ಅಜ್ಜಿಗೆ ಕಡ್ಡಿಯೇ ಸರಿ. ಬಾಯಿ ಒಣಗಿದವರಿಂದ ನೊರೆ ಬಿಟ್ಟು ಗೆರೆಯ ಮಟ್ಟಕ್ಕೆ ಎಂಜಲು ತುಂಬಿಸುವುದು ಅರ್ಧ ದಿನದ ಕೆಲಸ. ಯಾವುದೇ ಆಗಲಿ, ಕೊಡುವ ಮೊದಲು ಕನಿಷ್ಠ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಎಲೆಅಡಿಕೆ ಹಾಕುವವರಾದರೆ ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಸುಣ್ಣ-ಅಡಿಕೆಯ ಚೂರು ಸೇರಿದರೆ ಮಾದರಿ ಕೆಡಬಹುದು. ಕಡ್ಡಿಯ ತುದಿಯನ್ನು ಬೆರಳಿನಿಂದ ಮುಟ್ಟದೆ ಒಂದೊಂದು ಕೆನ್ನೆಗೂ ಬೇರೆ ಕಡ್ಡಿ ಹಿಡಿದು 30ರಿಂದ 60 ಸೆಕೆಂಡ್ ಗಟ್ಟಿಯಾಗಿ ಉಜ್ಜಿ, ತುದಿಯನ್ನು ದ್ರವವಿರುವ ಸೀಸೆಯೊಳಗೆ ಮುರಿದು ಹಾಕಿ ಕೂಡಲೇ ಮುಚ್ಚಿ. ಕಿಟ್ ಕೊಳ್ಳುವ ಮೊದಲು ಅದನ್ನು ಭಾರತಕ್ಕೆ ಕಳುಹಿಸುತ್ತಾರೆಯೇ, ಇಲ್ಲಿಂದ ಮಾದರಿ ವಾಪಸು ಹೋಗಲು ಬಿಡುತ್ತಾರೆಯೇ ಎಂದು ಕಂಪನಿಯ ಪುಟದಲ್ಲೇ ಓದಿಕೊಳ್ಳಿ.

ಯಾರಿಂದ ತೆಗೆಯಬೇಕು? ಮನೆಯ ಅತಿ ಹಿರಿಯರಿಂದ. ಅಜ್ಜಿಯದ್ದು ಸಿಕ್ಕರೆ ಮೊಮ್ಮಗನದ್ದಕ್ಕಿಂತ ಎರಡು ತಲೆಮಾರು ಹಿಂದಕ್ಕೆ ಹೋದಂತೆ. ಆಮೇಲೆ ಅಪ್ಪ, ಅಮ್ಮ ಇಬ್ಬರದ್ದೂ. ಮ್ಯಾಚ್ ಯಾವ ಕಡೆಯದ್ದು, ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಅದಕ್ಕಿಂತ ಗಟ್ಟಿ ಉಪಾಯ ಇಲ್ಲ. ಮಗುವಿಗೆ ಮ್ಯಾಚ್ ಆದವರು ಅಪ್ಪನಿಗೂ ಅಮ್ಮನಿಗೂ ಆಗದಿದ್ದರೆ ಅದು ಸುಳ್ಳು.

ಆನ್ಸೆಸ್ಟ್ರಿ

ಜನ ಅತಿ ಹೆಚ್ಚು ಇರುವುದು ಇಲ್ಲಿ. ಅಮೆರಿಕ, ಕೆನಡಾದಲ್ಲಿ ನೆಲೆಸಿದ ಮನೆಯವರನ್ನು ಹುಡುಕಲು ಇದಕ್ಕಿಂತ ದೊಡ್ಡ ಕೆರೆ ಇಲ್ಲ. 8 ಸೆಂಟಿಮಾರ್ಗನ್‌ಗಿಂತ ಕಡಿಮೆಯ ಮ್ಯಾಚ್ ತೋರಿಸುವುದಿಲ್ಲ. 90ಕ್ಕಿಂತ ಕೆಳಗಿನ ಮ್ಯಾಚ್‌ಗಳಿಗೆ ಟಿಂಬರ್ ಎಂಬ ಸೋಸುವಿಕೆ ಇದೆ: ನಿಮ್ಮ ಡಿಎನ್‌ಎಯ ಯಾವ ಜಾಗ ಅತಿ ಹೆಚ್ಚು ಜನರ ಜೊತೆ ಹೊಂದುತ್ತದೋ ಆ ಜಾಗದ ತೂಕವನ್ನು ಅದು ಕಡಿಮೆ ಮಾಡುತ್ತದೆ. ಒಳಮದುವೆಯ ಸಮುದಾಯಕ್ಕೆ ಇದು ಒಳ್ಳೆಯದೇ. ಸೋಸುವ ಮೊದಲಿನ ಅಂಕಿಯನ್ನೂ ಅತಿ ಉದ್ದದ ತುಣುಕನ್ನೂ ಪ್ರತಿ ಮ್ಯಾಚ್‌ನ ಒಳಪುಟದಲ್ಲಿ ಕೊಡುತ್ತದೆ. ಎರಡು ಅಂಕಿಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಹಿನ್ನೆಲೆಯ ಸದ್ದು ಹೆಚ್ಚು.

ಆದರೆ ತುಣುಕು ಎಲ್ಲಿದೆ ಎಂದು ತೋರಿಸುವ ಕ್ರೋಮೊಸೋಮ್ ಬ್ರೌಸರ್ ಇಲ್ಲಿಲ್ಲ. ಬೇರೆ ಕಂಪನಿಯ ಪರೀಕ್ಷೆಯಿಂದ ಬಂದ ಡಿಎನ್‌ಎ ಕಡತವನ್ನೂ ಒಳಗೆ ಬಿಡುವುದಿಲ್ಲ. ಇಬ್ಬರಿಗೂ ಸಮಾನವಾದ ಮ್ಯಾಚ್‌ಗಳ ಉಚಿತ ಪಟ್ಟಿ 20 ಸೆಂಟಿಮಾರ್ಗನ್‌ಗೆ ನಿಲ್ಲುತ್ತದೆ. ಆ ಪಟ್ಟಿಯನ್ನು ಬಣ್ಣ ಹಚ್ಚಿ ನಾಲ್ಕು ಅಜ್ಜ-ಅಜ್ಜಿಯರ ಗುಂಪು ಮಾಡುವ ಲೀಡ್ಸ್ ವಿಧಾನ ಪಾಶ್ಚಾತ್ಯ ಕುಟುಂಬಗಳಿಗೆ ಚೆನ್ನಾಗಿ ಒಗ್ಗುತ್ತದೆ. ಪೈ, ಕಾಮತರ ಮನೆಗೆ ಹಚ್ಚಿ ನೋಡಿ: ಎಲ್ಲರಿಗೂ ಎಲ್ಲ ಬಣ್ಣವೂ ಬರುತ್ತದೆ.

ಮೈಹೆರಿಟೇಜ್

ಬಳಸಲು ಸುಲಭ. ಕ್ರೋಮೊಸೋಮ್ ಬ್ರೌಸರ್ ಇದೆ. ನೀವು, ನಿಮ್ಮ ಮ್ಯಾಚ್, ಇನ್ನೊಬ್ಬರು, ಮೂವರೂ ಪರಸ್ಪರ ಒಂದೇ ತುಣುಕಿನಲ್ಲಿ ಹೊಂದಿದರೆ ಅದನ್ನು ಒಂದು ಗುರುತಿನಿಂದ ತೋರಿಸುವ ಟ್ರಯಾಂಗ್ಯುಲೇಷನ್ ಇದೆ. ಪರೀಕ್ಷೆಯ ನಿಜವಾದ ಬೆಲೆ ಇರುವುದು ಆ ಗುರುತಿನಲ್ಲಿ. ದೋಷ ಏನೆಂದರೆ, ಓದದ ಜಾಗಗಳನ್ನು ಊಹಿಸಿ ತುಂಬುವುದು, ಹತ್ತಿರದ ಚೂರುಗಳನ್ನು ಹೊಲಿದು ಒಂದೇ ಮಾಡುವುದು ಇದರ ಪದ್ಧತಿ. ಒಳಮದುವೆಯವರಲ್ಲಿ ಇದರಿಂದ ಅಂಕಿ ಉಬ್ಬುತ್ತದೆ. ಇಲ್ಲಿ 20ಕ್ಕಿಂತ ಕಡಿಮೆಯ ತುಣುಕನ್ನು ಜೆಡ್‌ಮ್ಯಾಚ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ನಂಬದಿರುವುದು ಒಳ್ಳೆಯದು. ಎಕ್ಸ್ ಕ್ರೋಮೊಸೋಮಿನ ಹೊಂದಾಣಿಕೆ ಇಲ್ಲ. ಬೇರೆ ಕಡೆಯ ಕಡತ ಹಾಕುವ ನಿಯಮಗಳು ಆಗಾಗ ಬದಲಾಗುವುದರಿಂದ ಹಣ ಕಟ್ಟುವ ಮೊದಲು ನೋಡಿಕೊಳ್ಳಿ.

23 ಆ್ಯಂಡ್ ಮಿ

ತಾಯಿಯ ಗೆರೆ, ತಂದೆಯ ಗೆರೆಗಳ ಹ್ಯಾಪ್ಲೊಗುಂಪನ್ನು (ಬಹು ಹಿಂದಿನ ಒಬ್ಬ ಪೂರ್ವಜರಿಂದ ಇಳಿದ ಕವಲನ್ನು) ಒಂದೇ ಪರೀಕ್ಷೆಯಲ್ಲಿ ಮೇಲ್ಮಟ್ಟಕ್ಕೆ ಹೇಳಿಬಿಡುವುದು ಇದರ ಲಾಭ. 2023ರ ಮಾಹಿತಿ ಸೋರಿಕೆ ಸುಮಾರು 69 ಲಕ್ಷ ಜನರನ್ನು ತಟ್ಟಿದ ಮೇಲೆ ತುಣುಕುಗಳ ವಿವರವನ್ನು ತಾಣ ಮುಚ್ಚಿತು. 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಸಂಸ್ಥಾಪಕಿಯೊಬ್ಬರ ಲಾಭರಹಿತ ಸಂಸ್ಥೆಯ ಕೈಗೆ ಹೋಯಿತು. ಮನೆತನ ಹುಡುಕುವುದೊಂದೇ ಉದ್ದೇಶವಾದರೆ ಹೊಸದಾಗಿ ಕೊಳ್ಳುವ ಕಾರಣ ಕಾಣುವುದಿಲ್ಲ.

ಫ್ಯಾಮಿಲಿ ಟ್ರೀ ಡಿಎನ್‌ಎ

ಅಮೆರಿಕದ ಹ್ಯೂಸ್ಟನ್‌ನ ಈ ಕಂಪನಿ 2000ದಿಂದ ಇದೆ. ಜನ ಕಡಿಮೆ. ಆದರೂ ತುಳುನಾಡಿನವರಿಗೆ ನಾವು ಮೊದಲು ಸೂಚಿಸುವುದು ಇದನ್ನೇ, ಯಾಕೆಂದರೆ ತಾಯಿಯ ಗೆರೆ ಮತ್ತು ತಂದೆಯ ಗೆರೆಯನ್ನು ಬೇರೆ ಬೇರೆಯಾಗಿ ಆಳವಾಗಿ ಓದಿ, ಆ ಗೆರೆಯಲ್ಲೇ ಮ್ಯಾಚ್‌ಗಳನ್ನು ಕೊಡುವುದು ಈ ಐದರಲ್ಲಿ ಇದೊಂದೇ.

ತಾಯಿಯ ಗೆರೆಯಲ್ಲಿ ವಂಶ ನಡೆಯುವ ಅಳಿಯಸಂತಾನದ ಮನೆಗಳಿಗೆ ಇದು ಹೇಗೆ ಹೊಂದುತ್ತದೆ ನೋಡಿ. ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಮೈಟೊಕಾಂಡ್ರಿಯಾದ ಡಿಎನ್‌ಎ ಬರುವುದೂ ತಾಯಿಯಿಂದಲೇ. ಮಗನಲ್ಲೂ ಇರುತ್ತದೆ, ಅವನ ಮಕ್ಕಳಿಗೆ ಹೋಗುವುದಿಲ್ಲ. ಒಂದೇ ಬಳಿಯೊಳಗೆ ಮದುವೆ ಇಲ್ಲ. ಎಂದರೆ ಬಳಿಯ ನೆನಪೂ ಈ ಡಿಎನ್‌ಎಯೂ ಒಂದೇ ದಾರಿ ಹಿಡಿದು ಬಂದಿರಬೇಕು. ಒಂದೇ ಗುತ್ತಿನ (ದೊಡ್ಡ ಮನೆತನದ) ಎರಡು ಕವರುಗಳು (ಕವಲುಗಳು) ನಿಜಕ್ಕೂ ಒಬ್ಬ ಮೂಲ ಅಜ್ಜಿಯಿಂದ ಬಂದವೇ ಎಂದು ನೋಡಬೇಕಿದ್ದರೆ, ಎರಡೂ ಕವರಿನಿಂದ ಒಬ್ಬೊಬ್ಬರ ‘ಎಂಟಿ ಫುಲ್ ಸೀಕ್ವೆನ್ಸ್’ ಸಾಕು. ಹ್ಯಾಪ್ಲೊಗುಂಪೇ ಬೇರೆ ಬಂದರೆ ತಾಯಿಯ ಗೆರೆ ಒಂದಲ್ಲ ಎಂದು ಖಚಿತ. ಹೆಣ್ಣು ಸಂತಾನ ನಿಂತಾಗ ದತ್ತು ತಂದು ಕುಟುಂಬ ಉಳಿಸಿದ್ದರೂ ಹೀಗೆ ಬರಬಹುದು, ಆದ್ದರಿಂದ ಇದನ್ನು ಪಾಲಿನ ಜಗಳಕ್ಕೆ ಸಾಕ್ಷಿಯಾಗಿ ಎತ್ತಬಾರದು. ಪೂರ್ತಿ ಹೊಂದಿತು ಎನ್ನಿ: ಮೂಲ ಅಜ್ಜಿ ನೂರು ವರ್ಷದ ಹಿಂದಿನವಳೂ ಇರಬಹುದು, ಐನೂರು ವರ್ಷದವಳೂ ಇರಬಹುದು. ಈ ಡಿಎನ್‌ಎ ಅಷ್ಟು ನಿಧಾನವಾಗಿ ಬದಲಾಗುತ್ತದೆ.

ಗೋತ್ರದವರಿಗೆ ವೈ (ತಂದೆಯಿಂದ ಮಗನಿಗೆ ಬರುವ ಕ್ರೋಮೊಸೋಮ್) ಪರೀಕ್ಷೆ. ಇದನ್ನು ಗಂಡಸರಿಗೆ ಮಾತ್ರ ಮಾಡಬಹುದು. ವೈ-37 ಅಗ್ಗ, ಆದರೆ ಎರಡು ಮನೆ ಬೇರೆಯೇ ಎಂದು ತೋರಿಸಲಷ್ಟೇ ಅದು ನಂಬಿಕೆಗೆ ಯೋಗ್ಯ. ಒಂದೇ ಎಂದು ಹೇಳಲು, ಎಷ್ಟು ಹಿಂದೆ ಕವಲೊಡೆಯಿತೆಂದು ಅಂದಾಜಿಸಲು ಬಿಗ್ ವೈ-700 ಬೇಕು, ಅದರ ಬೆಲೆ ಹಲವು ಪಟ್ಟು. ಕ್ಯಾಥೊಲಿಕರು ಡಿಸೋಜ, ಪಿಂಟೊ ಎಂಬ ಹೆಸರನ್ನು ನೆಚ್ಚಿ ವೈ ಪರೀಕ್ಷೆಗೆ ಹೋಗದಿರಲಿ. ಪೋರ್ಚುಗೀಸರ ಕಾಲದಲ್ಲಿ ಸಂಬಂಧವೇ ಇಲ್ಲದ ಮನೆಗಳಿಗೆ ಒಂದೇ ಹೆಸರು ಬಂದಿದೆ. ಮತಾಂತರದ ಮೊದಲಿನ ಪ್ರಭು, ಶೇಟ್, ಕಾಮತ್ ಎಂಬ ನೆನಪು ಮನೆಯಲ್ಲಿ ಉಳಿದಿದ್ದರೆ ಅದು ಹೆಚ್ಚು ಉಪಯೋಗಿ ಸುಳಿವು.

ಇದರ ಸಾಮಾನ್ಯ ಮ್ಯಾಚ್ ಪರೀಕ್ಷೆಯಾದ ಫ್ಯಾಮಿಲಿ ಫೈಂಡರ್‌ನಲ್ಲಿ ಎಕ್ಸ್ ಹೊಂದಾಣಿಕೆಯೂ ಇದೆ. ಗಂಡಸಿಗೆ ಎಕ್ಸ್ ಬರುವುದು ಅಮ್ಮನಿಂದ ಮಾತ್ರ. ಇಬ್ಬರು ಗಂಡಸರಿಗೆ ಎಕ್ಸ್‌ನಲ್ಲಿ 20–30 ಸೆಂಟಿಮಾರ್ಗನ್‌ನ ತುಣುಕು ಹೊಂದಿದರೆ ಇಬ್ಬರ ಅಪ್ಪನ ಕಡೆಯನ್ನೂ ಆ ತುಣುಕಿನ ಹುಡುಕಾಟದಿಂದ ಬಿಡಬಹುದು. ಎರಡು ಕಡೆಯೂ ನೆಂಟರಾಗಿರುವ ಮನೆಗಳಲ್ಲಿ ಇದರಿಂದ ಅರ್ಧ ಕೆಲಸ ಉಳಿಯುತ್ತದೆ.

ಜೆಡ್‌ಮ್ಯಾಚ್

ಇವರು ಮಾದರಿ ತೆಗೆದುಕೊಳ್ಳುವುದಿಲ್ಲ. ಬೇರೆ ಕಂಪನಿಯಿಂದ ಇಳಿಸಿಕೊಂಡ ಕಡತವನ್ನು ಹಾಕಬೇಕು. ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ, ಜಿಪ್ ಇದ್ದ ಹಾಗೆಯೇ ಹಾಕಿ. ನೋಟ ಹಳೆಯ ಕಾಲದ್ದು, ಉಪಕರಣಗಳು ಮಾತ್ರ ಹರಿತ. ಇಬ್ಬರ ಕಡತ ಹೋಲಿಸುವ ‘ಒನ್ ಟು ಒನ್’ನಲ್ಲಿ ತುಣುಕಿನ ಕನಿಷ್ಠ ಮಿತಿ 7 ಎಂದಿರುತ್ತದೆ; ನಮ್ಮವರು ಅದನ್ನು 12ಕ್ಕೋ 15ಕ್ಕೋ ಏರಿಸಿ ಮತ್ತೆ ಓಡಿಸಬೇಕು. 7ರಲ್ಲಿ 90 ತೋರಿಸಿದ್ದು 15ರಲ್ಲಿ ಸೊನ್ನೆಗಿಳಿದರೆ ವಿಷಯ ಮುಗಿಯಿತು. ‘ನಿಮ್ಮ ಅಪ್ಪ ಅಮ್ಮ ನೆಂಟರೇ’ ಎಂಬ ಉಪಕರಣವನ್ನು ಎಲ್ಲಕ್ಕಿಂತ ಮೊದಲು ಓಡಿಸಿ. ಉಬ್ಬು ಎಷ್ಟಿರಬಹುದೆಂದು ಅದರಿಂದ ಮುಂಚೆಯೇ ಗೊತ್ತಾಗುತ್ತದೆ.

ಖಾಸಗಿತನದ ಮಟ್ಟಿಗೆ ಇಲ್ಲಿ ಎಚ್ಚರ ಬೇಕು. 2018ರಲ್ಲಿ ಕ್ಯಾಲಿಫೋರ್ನಿಯಾದ ಸರಣಿ ಕೊಲೆಗಾರನ ಪತ್ತೆಗೆ ಪೊಲೀಸರು ಈ ತಾಣವನ್ನೂ ಬಳಸಿದರು. ಕಡತ ಹಾಕುವಾಗ ಪೊಲೀಸ್ ಬಳಕೆಗೆ ಒಪ್ಪಿಗೆ ಇದೆಯೇ ಎಂಬ ಆಯ್ಕೆ ಬರುತ್ತದೆ. ಅಜ್ಜಿಯ ಕಡತವಾದರೆ ಉತ್ತರ ಅಜ್ಜಿಯದ್ದೇ ಆಗಿರಲಿ.

ಕಾಗದ ಇಲ್ಲದೆ ಆಗದು

ಮ್ಯಾಚ್ ಹೇಳುವುದು ನೆಂಟಸ್ತಿಕೆ ಇದೆ ಎಂದಷ್ಟೇ. ಊರಿನ ಹೆಸರು, ಮೂಲ ನಾಗಬನದ ಜಾಗ ಅದರಲ್ಲಿ ಬರೆದಿರುವುದಿಲ್ಲ. ಅಷ್ಟಮಂಗಲ ಪ್ರಶ್ನೆಯಲ್ಲಿ ಬಂದ ಮೂಲಸ್ಥಾನವನ್ನು ಡಿಎನ್‌ಎಯಿಂದ ತಾಳೆ ನೋಡಲು ಹೊರಟವರಿಗೆ ಉತ್ತರ ಸಿಗದು. ಅಳಿಯಸಂತಾನದ ಕುಟುಂಬಗಳಿಗೆ ಅತ್ಯುತ್ತಮ ದಾಖಲೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪಾಲುಪಟ್ಟಿಗಳು, ಪಾಲಿನ ದಾವೆಯ ಕಡತಗಳು. ಕವರು ಕವರಾಗಿ ಹೆಂಗಸರ ಹೆಸರು ಸಿಗುವುದು ಅವುಗಳಲ್ಲೇ. ಸಾರಸ್ವತರು ಕುಲದೇವರ ಜಾಡು ಹಿಡಿದು ಗೋವೆಯ ಕವಳೆ, ಮಂಗೇಶಿ, ಮಾರ್ದೊಳಗಳ ದೇವಸ್ಥಾನಗಳಲ್ಲಿ ಕೇಳಬೇಕು. ಕ್ಯಾಥೊಲಿಕರಿಗೆ ಜ್ಞಾನಸ್ನಾನದ ಪುಸ್ತಕಗಳಿವೆ. ಆದರೆ 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯ ಹೊತ್ತಿಗೆ ಚರ್ಚುಗಳು ನೆಲಸಮವಾದ್ದರಿಂದ ಅದಕ್ಕೂ ಹಿಂದಿನದನ್ನು ಇಲ್ಲಿ ಹೆಚ್ಚು ನಿರೀಕ್ಷಿಸಬೇಡಿ. 1834ರಲ್ಲಿ ಬಂದ ಬಾಸೆಲ್ ಮಿಷನ್ ಕಾಲದ ಪ್ರಾಟೆಸ್ಟೆಂಟ್ ಮನೆಗಳಿಗೆ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಇದೆ.

ಮ್ಯಾಚ್ ಆದವರಿಗೆ ಬರೆಯುವಾಗ ‘ನಾವು ಹೇಗೆ ನೆಂಟರು’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅಜ್ಜಿಯ ತವರಿನ ಊರು, ಬಳಿ ಅಥವಾ ಗೋತ್ರ, ಕುಲದೇವರು ಅಥವಾ ಹಳೆಯ ಚರ್ಚು, ಮುಂಬೈಗೋ ಗಲ್ಫಿಗೋ ಹೋದ ತಲೆಮಾರು, ಇವಿಷ್ಟನ್ನು ನೀವೇ ಮೊದಲು ಬರೆದು, ಅವರದ್ದನ್ನು ಕೇಳಿ. ಉತ್ತರ ಬರುವ ಮೊದಲೇ ತುಣುಕುಗಳ ಪಟ್ಟಿಯನ್ನು ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ: ಹೆಸರು, ಕ್ರೋಮೊಸೋಮ್ ಸಂಖ್ಯೆ, ಆರಂಭ, ಅಂತ್ಯ, ಸೆಂಟಿಮಾರ್ಗನ್, ಇಳಿಸಿದ ದಿನಾಂಕ. ತಾಣಗಳು ಈ ವಿವರವನ್ನು ಯಾವಾಗ ಮುಚ್ಚುತ್ತವೆ ಎಂದು ಮುಂಚಿತವಾಗಿ ಹೇಳುವುದಿಲ್ಲ.