ಫ್ಲಶ್ ಡ್ರಾ ಬಂದಾಗ: ಕಾಲ್ ಮಾಡುವುದೇ, ಆಲ್-ಇನ್ ಹೋಗುವುದೇ?

ಸಣ್ಣ ಪ್ರವೇಶ ಶುಲ್ಕದ ಪೋಕರ್ ಟೂರ್ನಮೆಂಟಿನಲ್ಲಿ, ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆದಿಡುವ ಐದು ಎಲೆಗಳಲ್ಲಿ ಮೊದಲ ಮೂರು) ಬಿದ್ದಾಗ ಒಂದೇ ಚಿಹ್ನೆಯ ನಾಲ್ಕು ಎಲೆಗಳು ಕೂಡಿ ಐದನೆಯದಕ್ಕಾಗಿ ಕಾಯುವ, ಅಂದರೆ ಫ್ಲಶ್ ಡ್ರಾ ಇರುವ ಆಟಗಾರನು ಎದುರಾಳಿಯ ಪಣದೆದುರು ಕೈ ಬಿಡದಿದ್ದರೆ (ಎಲೆಗಳನ್ನು ಎಸೆದು ಹಿಂದೆ ಸರಿಯದಿದ್ದರೆ) ಮುಖ್ಯವಾಗಿ ಎರಡು ದಾರಿಗಳಿವೆ: ಕಾಲ್, ಅಂದರೆ ಅವನ ಪಣಕ್ಕೆ ಸಮನಾಗಿ ಇಡುವುದು; ಆಲ್-ಇನ್, ಅಂದರೆ ತನ್ನ ಚಿಪ್‌ಗಳನ್ನೆಲ್ಲ ಇಡುವುದು.

ಕಾಲ್ ಮಾಡಿದರೆ ಖಚಿತವಾಗಿ ಸಿಗುವುದು ಮುಂದಿನ ಒಂದೇ ಎಲೆ. ಅದರಲ್ಲಿ ಫ್ಲಶ್ ಕೂಡುವ ಸಾಧ್ಯತೆ ಶೇ. 19ರಷ್ಟು. ಎದುರಾಳಿಯು ಪಾಟ್‌ನ (ಅದುವರೆಗೆ ಕೂಡಿದ ಒಟ್ಟು ಪಣದ) ಅರ್ಧದಷ್ಟು ಪಣವಿಟ್ಟಿದ್ದರೆ ನಷ್ಟವಾಗದಿರಲು ಬೇಕಾಗುವುದು ಶೇ. 25. ಈ ಕೊರತೆಯನ್ನು ಫ್ಲಶ್ ಕೂಡಿದ ಮೇಲೆ ಬರುವ ಚಿಪ್‌ಗಳೇ ತುಂಬಬೇಕು. ಆರಂಭದ ಹಂತದಲ್ಲಿ, ಇಬ್ಬರ ಬಳಿಯೂ 100 ಬಿಗ್ ಬ್ಲೈಂಡ್‌ಗಳಷ್ಟು (ಬಿಗ್ ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಒಬ್ಬ ಆಟಗಾರ ಇಡಬೇಕಾದ ಕಡ್ಡಾಯ ಪಣ) ಚಿಪ್‌ಗಳಿರುವಾಗ, ಇದು ಸಾಧ್ಯ. ಏಕೆಂದರೆ ಈ ಮಟ್ಟದ ಅನೇಕರು ಒಂದು ಜೋಡಿ ಹಿಡಿದುಕೊಂಡೇ ಕೊನೆಯವರೆಗೂ ಹಣ ತುಂಬುತ್ತಾರೆ.

ಆಲ್-ಇನ್ ಹೋದರೆ ಉಳಿದ ಎರಡೂ ಎಲೆಗಳು ಕಾಣುತ್ತವೆ, ಸಾಧ್ಯತೆ ಶೇ. 35ಕ್ಕೆ ಏರುತ್ತದೆ, ಎದುರಾಳಿ ಕೈ ಬಿಡಲೂಬಹುದು. ಪಾಟ್‌ನಲ್ಲಿ 6 ಬಿಗ್ ಬ್ಲೈಂಡ್‌ಗಳಿದ್ದು, ಅವನು 3 ಇಟ್ಟ ಮೇಲೆ ನೀವು ನಿಮ್ಮ 20ನ್ನೂ ಇಟ್ಟಿರೆನ್ನೋಣ: ಹತ್ತರಲ್ಲಿ ಸುಮಾರು ಮೂರು ಬಾರಿ ಅವನು ಕೈ ಬಿಟ್ಟರೆ ಮಾತ್ರ ನಿಮಗೆ ನಷ್ಟವಾಗದು. ಸುಲಭವಾಗಿ ಕೈ ಬಿಡದವರ ಮೇಜಿನಲ್ಲಿ ಇದು ಚಿಕ್ಕ ಷರತ್ತಲ್ಲ. ಬಹುಮಾನದ ಹಂತ ಹತ್ತಿರವಾದಾಗ ಹೊರಬೀಳುವ ಬೆಲೆಯೂ ಹೆಚ್ಚುವುದರಿಂದ ಅದು ಇನ್ನಷ್ಟು ಬಿಗಿಯಾಗುತ್ತದೆ.

ಆದ್ದರಿಂದ ಚಿಪ್‌ಗಳು ಬಹಳಷ್ಟಿರುವಾಗ ನಾನು ಕಾಲ್ ಅನ್ನೇ ಆರಿಸುತ್ತೇನೆ, ಅದರಲ್ಲೂ ಕೈಯಲ್ಲಿ ಆ ಚಿಹ್ನೆಯ ಎಕ್ಕವಿದ್ದರೆ. 20 ಬಿಗ್ ಬ್ಲೈಂಡ್‌ಗಳ ಆಸುಪಾಸಿನಲ್ಲಿ, ಕೈ ಬಿಡಬಲ್ಲ ಒಬ್ಬನೇ ಎದುರಾಳಿಯಿದ್ದಾಗ, ಆಲ್-ಇನ್ ಸರಿ. ನಡುವಿನ ಒಂದೇ ಅಂಕಕ್ಕೆ ಕಾಯುವ ಸ್ಟ್ರೇಟ್ (ಸಾಲಾಗಿ ಬರುವ ಐದು ಅಂಕಗಳ) ಡ್ರಾಗೆ ಎರಡು ಎಲೆಗಳಲ್ಲೂ ಸಾಧ್ಯತೆ ಶೇ. 17ನ್ನು ದಾಟದ ಕಾರಣ, ದೊಡ್ಡ ಪಣದೆದುರು ಅದನ್ನು ಬಿಡುವುದೇ ಮೇಲು.