ಪದ್ಮಿನಿಯ ತಳದ ಟಾರು ಕೀಳಲು ಹೀಟ್ ಗನ್: ಕೆಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಹಳೆ ಕಾರಿನ ತಳದ ಅಂಡರ್‌ಕೋಟಿಂಗ್, ಅಂದರೆ ತುಕ್ಕು ಹಿಡಿಯದಿರಲಿ ಅಂತ ಬಳಿದ ಲೇಪ, ಕೀಳಬೇಕಾ? ತಗಡು ಉಜ್ಜುವ ಗ್ರೈಂಡರ್‌ಗೆ ಕೈ ಹಾಕುವ ಮೊದಲು ಬಿಸಿ ಗಾಳಿ ಊದುವ ಒಂದು ಹೀಟ್ ಗನ್ ತಗೊಳ್ಳಿ. ನನ್ನ ಹತ್ತಿರ ಇರುವುದು ಎರಡು ಸಾವಿರ ರೂಪಾಯಿ ಆಸುಪಾಸಿನದು. 2000 ವ್ಯಾಟ್, ಶಾಖ ಏರಿಸಿ ಇಳಿಸಲು ಹಿಂದೆ ಒಂದು ತಿರುಪು, ಜಾಸ್ತಿ ಅಂದರೆ 600 ಡಿಗ್ರಿ ಅಂತ ಮೈಮೇಲೆ ಬರೆದಿದೆ. ಕಂಪನಿ ಹೆಸರು ಹಾಕುತ್ತಿಲ್ಲ. ಈ ದರದಲ್ಲಿ ಸಿಗುವುದರ ಒಳಗೆಲ್ಲ ಒಂದು ಕಾಯಿಲ್, ಒಂದು ಫ್ಯಾನ್, ಅಷ್ಟೇ.

ಕಾರು ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದದ್ದು, ಮೂಲದಲ್ಲಿ ಇಟಲಿಯ ಫಿಯಟ್ 1100. ಇದಕ್ಕೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಫ್ಲೋರ್, ರನ್ನಿಂಗ್ ಬೋರ್ಡ್, ಜಾಕ್ ಕೊಡುವ ಜಾಗ, ಇವುಗಳಿಗೆ ತುಕ್ಕು ಹಿಡಿದರೆ ಕಾರಿನ ಬಲವೇ ಹೋಯಿತು. ನಮ್ಮ ಮಂಗಳೂರು ಕಡೆಯ ಮಳೆ ಮತ್ತು ಉಪ್ಪುಗಾಳಿಗೆ ಹೆದರಿ ತಳಕ್ಕೆ ಕರಿ ಟಾರು ಹೊಡೆಸಿದ ಹಳೆ ಕಾರುಗಳು ಬೇಕಾದಷ್ಟಿವೆ. ಹೊಸದರಲ್ಲಿ ಅದು ಒಳ್ಳೆಯದೇ. ಹತ್ತಾರು ವರ್ಷ ಕಳೆದ ಮೇಲೆ ಟಾರು ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ಆರುವುದಕ್ಕೆ ದಾರಿ ಇಲ್ಲ. ಹೊರಗೆ ಕಪ್ಪಗೆ ಮಿಂಚುತ್ತಿರುತ್ತದೆ, ಒಳಗೆ ತಗಡು ಪುಡಿಯಾಗುತ್ತಿರುತ್ತದೆ.

ಕೀಳುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಾರು ಗಟ್ಟಿಯಾಗಿ ಅಂಟಿಕೊಂಡಿದ್ದು, ಎಲ್ಲೂ ಉಬ್ಬಿಲ್ಲ, ಬಿರುಕಿಲ್ಲ ಅಂದರೆ ಸುಮ್ನೆ ಬಿಟ್ಟುಬಿಡಿ. ಟೊಳ್ಳು ಸದ್ದು ಬಂದ ಕಡೆ ಶುರು ಮಾಡಿ.

ಈ ಗನ್‌ನಲ್ಲಿ ನನಗೆ ಇಷ್ಟವಾದದ್ದು ಶಾಖವನ್ನು ಕಡಿಮೆ ಇಡಬಹುದು ಎಂಬುದು. ಟಾರು ಮೆತ್ತಗಾಗಲು ನೂರು ಡಿಗ್ರಿ ಸುಮಾರು ಸಾಕು. 600ರ ಅಗತ್ಯ ಒಂದು ದಿನವೂ ಬೀಳಲಿಲ್ಲ. ತಿರುಪನ್ನು ಅರ್ಧಕ್ಕಿಂತ ಕೆಳಗಿಟ್ಟು, ಮೂತಿಯನ್ನು ನಾಲ್ಕು ಬೆರಳು ದೂರ ಹಿಡಿದು, ಅಂಗೈ ಅಗಲದ ಜಾಗವನ್ನಷ್ಟೇ ಕಾಯಿಸಬೇಕು. ಹೊಳಪು ಬಂದ ಕೂಡಲೇ ಸ್ಕ್ರೇಪರ್ ಹಾಕಿದರೆ ಹಲಸಿನ ಸೊಳೆ ಬಿಡಿಸಿದ ಹಾಗೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಹೊಗೆ ಎದ್ದರೆ ಶಾಖ ಜಾಸ್ತಿಯಾಯಿತು ಅಂತ ಅರ್ಥ. ಆಗ ಟಾರು ನೀರಾಗಿ ಬಳಿದುಕೊಳ್ಳುತ್ತದೆ, ಕೆಲಸ ಎರಡರಷ್ಟಾಗುತ್ತದೆ.

ಗ್ರೈಂಡರ್‌ಗೆ ವೈರ್ ಕಪ್ (ತಿರುಗುವ ತಂತಿ ಬ್ರಷ್) ಹಾಕಿ ಉಜ್ಜುವವರೇ ಹೆಚ್ಚು. ನನಗೆ ಅದು ಒಗ್ಗಲ್ಲ. ಉಜ್ಜಿದ ಬಿಸಿಗೆ ಟಾರು ಕರಗಿ ಬ್ರಷ್ ತುಂಬ ಮೆತ್ತಿಕೊಳ್ಳುತ್ತದೆ. ತಂತಿ ಚೂರುಗಳು ಕಿತ್ತು ಬಂದು ಮೈಗೆ ಚುಚ್ಚುತ್ತವೆ. ಇನ್ನೊಂದು ಭಯವೂ ಇದೆ: ಹಳೆ ಕಾಲದ ಕೆಲವು ಅಂಡರ್‌ಕೋಟಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬೆರೆಸುತ್ತಿದ್ದರು. ಅದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಿದರೆ ಶ್ವಾಸಕೋಶಕ್ಕೆ ಅಪಾಯ. ಹೀಟ್ ಗನ್‌ನಲ್ಲಿ ಧೂಳು ಕಡಿಮೆ. ಹಾಗಂತ ಮಾಸ್ಕ್ ಬಿಡುವ ಹಾಗಿಲ್ಲ.

ನಿಧಾನ, ನಿಜ. ಆದರೆ ಆ ನಿಧಾನದಿಂದಲೇ ಕಾರಿನ ಹಳೆ ಕಥೆ ಹೊರಗೆ ಬರುತ್ತದೆ. ನನ್ನ ಪದ್ಮಿನಿಯ ಡ್ರೈವರ್ ಸೀಟಿನ ಕೆಳಗೆ ಟಾರು ಎದ್ದಾಗ ಒಂದರ ಮೇಲೊಂದು ಎರಡು ತೇಪೆ ಕಂಡವು. ಕೆಳಗಿನ ತೂತು ಕತ್ತರಿಸದೆ ಮೇಲೆ ತಗಡು ಕೂರಿಸಿ, ಅಂಚಿಗೆ ಪುಟ್ಟಿ ಮೆತ್ತಿ, ಕರಿ ಬಳಿದಿದ್ದರು. ಟಿಂಕರಿಂಗ್ ಮಾಡುವವರಿಗೆ ತೋರಿಸಿದೆ. “ಬಿಡಿ ಸಾರ್, ಇನ್ನೊಂದು ಕೋಟ್ ಹೊಡೆದರೆ ಯಾರಿಗೆ ಕಾಣ್ತದೆ?” ಅಂದರು. ಬೇರೆಯವರನ್ನು ಹುಡುಕಿದೆ. ಫ್ಯಾಕ್ಟರಿಯವರು ಜೋಡಣೆಗಳಿಗೆ ತುಂಬಿದ ಸೀಲರ್ ಕೂಡ ಇದೇ ನಿಧಾನದಿಂದಾಗಿ ಉಳಿಯಿತು. ಗ್ರೈಂಡರ್‌ಗೆ ಸೀಲರ್ ಯಾವುದು, ಟಾರು ಯಾವುದು ಗೊತ್ತಾಗಲ್ಲ ಅಲ್ವಾ?

ಗನ್ನಿನ ಮೇಲೆ ದೂರುಗಳೂ ಇವೆ. 2000 ವ್ಯಾಟ್ ಅಂದರೆ 230 ವೋಲ್ಟಿಗೆ ಒಂಬತ್ತು ಆಂಪ್ ಹತ್ತಿರ ಎಳೆಯುತ್ತದೆ. ಮನೆಯ ಸಣ್ಣ 6 ಆಂಪ್ ಸಾಕೆಟ್, ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಇದಕ್ಕಲ್ಲ. ಗೀಸರ್ ಹಾಕುವ 16 ಆಂಪ್ ಸಾಕೆಟ್ ಬೇಕು. ಗಂಟೆಗೆ ಎರಡು ಯೂನಿಟ್ ಕರೆಂಟ್ ಲೆಕ್ಕ. ಜೊತೆಗೆ ಕೊಟ್ಟ ಚಪ್ಪಟೆ ಮೂತಿ ಸಡಿಲ. ಮಲಗಿ ಮೇಲಕ್ಕೆ ಹಿಡಿದಾಗ ಕೆಂಪಗೆ ಕಾದದ್ದು ಕಳಚಿ ಎದೆ ಮೇಲೆ ಬೀಳುತ್ತದೆ, ಹಾಗಾಗಿ ಅದಿಲ್ಲದೆಯೇ ಬಳಸುತ್ತೇನೆ. ಕಾಯಿಲ್ ಇನ್ನೂ ಮೊದಲಿನದೇ ಇದೆ. ಆರಿಸುವ ಮುಂಚೆ ಶಾಖ ಪೂರ್ತಿ ಇಳಿಸಿ, ಮೂತಿ ತಣ್ಣಗಾಗುವ ತನಕ ಗಾಳಿ ಬಿಡುತ್ತೇನೆ. ಬಿಸಿ ಇದ್ದಾಗಲೇ ಪ್ಲಗ್ ಕಿತ್ತರೆ ಕಾಯಿಲ್ ಬಾಳಿಕೆ ಬರಲ್ಲ.

ಎಲ್ಲ ಕಡೆಗೂ ಇದೇ ಆಗುತ್ತದೆ ಅಂತಲ್ಲ. ಪಿವಿಸಿ ಬೆರೆತ ಕೋಟಿಂಗ್ ಸುಟ್ಟರೆ ಬರುವ ಹೊಗೆಯಲ್ಲಿ ಆ್ಯಸಿಡ್ ಇರುತ್ತದೆ, ಅಲ್ಲಿ ಬರೀ ಸ್ಕ್ರೇಪರ್ ಸಾಕು. ಕಾರಿನೊಳಗೆ ಫ್ಲೋರ್ ಮೇಲೆ ಅಂಟಿಸಿದ ಸದ್ದು ತಡೆಯುವ ಹಾಳೆಗೆ ಡ್ರೈ ಐಸ್ (ಗಟ್ಟಿ ರೂಪದ ಇಂಗಾಲದ ಡೈಆಕ್ಸೈಡ್) ಮೇಲು. ಮೈನಸ್ 78 ಡಿಗ್ರಿಯ ಚಳಿಗೆ ಹಾಳೆ ಗಾಜಿನಂತೆ ಗಡಸಾಗುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಚೂರಾಗುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಅದು ಹೊರಬಿಡುವುದು ಇಂಗಾಲದ ಡೈಆಕ್ಸೈಡ್. ತಳದ ಕೆಲಸಕ್ಕೆ ಇದು ನಡೆಯಲ್ಲ, ಮೇಲುಮುಖವಾಗಿ ಐಸ್ ನಿಲ್ಲುವುದಾದರೂ ಹೇಗೆ?

ಬೆಂಕಿಯ ವಿಷಯದಲ್ಲಿ ಚೌಕಾಸಿ ಬೇಡ. ಪೆಟ್ರೋಲ್ ಟ್ಯಾಂಕ್, ಪೈಪು, ಬ್ಯಾಟರಿ, ಒಳಗಿನ ಕಾರ್ಪೆಟ್ ಎಲ್ಲ ಹೊರಗೆ ಹೋಗಬೇಕು. ತಗಡಿನ ಈಚೆ ಕಾಯಿಸಿದರೆ ಆಚೆಯದು ಹೊತ್ತಿಕೊಳ್ಳುತ್ತದೆ. ಕಾರು ನಿಲ್ಲಬೇಕಾದ್ದು ಗಟ್ಟಿ ಸ್ಟ್ಯಾಂಡ್ ಮೇಲೆ, ಜಾಕ್ ಮೇಲಲ್ಲ.

ಪಟ್ಟಿ ಎದ್ದ ಮೇಲೆ ಉಳಿಯುವ ಕಂದು ಕಲೆಗೆ ಸೀಮೆಎಣ್ಣೆ ಹಚ್ಚಿ ಒರೆಸಿದರೆ ಸಾಕು, ಆದರೆ ತಗಡು ಪೂರ್ತಿ ತಣ್ಣಗಾದ ಮೇಲೆ, ಗನ್ ಪ್ಲಗ್ ಕಿತ್ತ ಮೇಲೆ. ಸೀಮೆಎಣ್ಣೆಯ ಜಿಡ್ಡು ಹೋಗಲು ಮತ್ತೆ ಥಿನ್ನರ್ ಬಟ್ಟೆ. ಅದೇ ದಿನ ತುಕ್ಕು ತಡೆಯುವ ಮೊದಲ ಕೋಟ್ ಆಗಿ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಕರಾವಳಿಯ ಗಾಳಿಗೆ ಬರೀ ತಗಡು ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಈ ಕೆಲಸ ಇಟ್ಟುಕೊಂಡರೆ ಪ್ರೈಮರ್ ಕೂಡ ಚೆನ್ನಾಗಿ ಒಣಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ಸಡಿಲ ಮೂತಿಗೆ.